ಕಾಡಿನ ಗಾಳಿಯನ್ನು ಟ್ಯೂಬಿನಲ್ಲಿ ತುಂಬಿ ತಂದ ಕಥೆ

ಕಳೆದ ವಾರ ಕೊನೆಯ ಟ್ಯೂಬಿನ ಫಲಿತಾಂಶ ಕೈಗೆ ಬಂತು. ಅಲ್ಲಿಗೆ ಒಟ್ಟು 18 ತಿಂಗಳು. ಅದರಲ್ಲಿ ಕಾಡಿನೊಳಗೆ ಕಳೆದದ್ದು ಬರೀ 9 ದಿನ. ಉಳಿದದ್ದೆಲ್ಲ ಅರ್ಜಿ ಬರೆಯುವುದು, ಕಾಯುವುದು, ಟ್ಯೂಬು ಸುಡುವುದು, ಸೋರಿಕೆ ಹುಡುಕುವುದು, ಮತ್ತೆ ಕಾಯುವುದು. ಈ ಕೆಲಸಕ್ಕೆ ಕೈಹಾಕುವ ಮುನ್ನ ನಾನು ಓದಿದ ಸಂಶೋಧನಾ ಪ್ರಬಂಧಗಳಲ್ಲಿ ಇದಾವುದರ ಸುಳಿವೂ ಇರಲಿಲ್ಲ. 'ಗಾಳಿಯ ಮಾದರಿಗಳನ್ನು ಸಂಗ್ರಹಿಸಲಾಯಿತು' ಎಂಬ ಒಂದೇ ವಾಕ್ಯದಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ಆ ವಾಕ್ಯದ ಹೊಟ್ಟೆಯೊಳಗೆ ಏನೇನಿದೆ ಎಂಬುದನ್ನು, ನನ್ನ ಹಿಂದೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು, ಏನನ್ನು ಅಳೆಯಲು ಹೊರಟಿದ್ದೆ ಎಂಬುದನ್ನು ಹೇಳಬೇಕು. ಮರಗಿಡಗಳು ತಾವಾಗಿಯೇ ಗಾಳಿಗೆ ಕೆಲವು ಆವಿಗಳನ್ನು ಬಿಡುತ್ತವೆ. ಓಕ್, ಪಾಪ್ಲರ್‌ನಂತಹ ಅಗಲ ಎಲೆಯ ಮರಗಳು ಹೆಚ್ಚಾಗಿ ಐಸೋಪ್ರೀನ್ ಬಿಡುತ್ತವೆ. ಪೈನ್‌ನಂತಹ ಸೂಜಿ ಎಲೆಯ ಮರಗಳಿಂದ ಬರುವುದು ಪೈನೀನ್, ಲಿಮೊನೀನ್ ಮುಂತಾದ ಮೊನೋಟರ್ಪೀನ್‌ಗಳು. ಪೈನ್ ತೋಪಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದು ಇವೇ. ಇಡೀ ಭೂಮಿಯ ಲೆಕ್ಕ ಹಿಡಿದರೆ ಸಸ್ಯಗಳು ವರ್ಷಕ್ಕೆ ಸುಮಾರು 100 ಕೋಟಿ ಟನ್ ಇಂತಹ ಆವಿಯನ್ನು ಬಿಡುತ್ತವೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಐಸೋಪ್ರೀನ್ ಒಂದೇ ಎಂಬ ಅಂದಾಜಿದೆ. ಕಾಡು ಹೊದ್ದ ಬೆಟ್ಟಗಳ ಮೇಲೆ ಬಿಸಿಲಿನ ದಿನ ಕಾಣುವ ನೀಲಿ ಮಬ್ಬಿಗೆ ಈ ಆವಿಗಳೇ ಕಾರಣವಿರಬೇಕೆಂದು 1960ರಲ್ಲಿ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಬರೆದಿದ್ದರು. ಅದನ್ನು ಓದಿಯೇ ನನಗೆ ಈ ಹುಚ್ಚು ಹಿಡಿದದ್ದು.

100 ಕೋಟಿ ಟನ್ ಎಂದಾಕ್ಷಣ ಅಳೆಯುವುದು ಸುಲಭ ಎಂದುಕೊಳ್ಳಬೇಡಿ. ನಿಮ್ಮ ಟ್ಯೂಬಿಗೆ ಬೀಳುವುದು ಎಷ್ಟೆಂದು ಲೆಕ್ಕ ಹಾಕಿ: ಶತಕೋಟಿಯಲ್ಲಿ ಒಂದು ಪಾಲು, ಅಂದರೆ 1 ಪಿಪಿಬಿ ಐಸೋಪ್ರೀನ್ ಇರುವ ಗಾಳಿಯನ್ನು ನಿಮಿಷಕ್ಕೆ 100 ಮಿಲಿಲೀಟರ್‌ನಂತೆ ಅರ್ಧ ಗಂಟೆ ಎಳೆದರೆ 3 ಲೀಟರ್ ಆಗುತ್ತದೆ. ಆ 3 ಲೀಟರಿನಲ್ಲಿರುವ ಐಸೋಪ್ರೀನ್ ಸುಮಾರು 8 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂ ಅನ್ನು ಶತಕೋಟಿ ಪಾಲು ಮಾಡಿದರೆ ಅದರಲ್ಲಿ 8 ಪಾಲು. ಇಷ್ಟನ್ನು ಹಿಡಿದು, ಒಯ್ದು, ವಾರಗಟ್ಟಲೆ ಇಟ್ಟು, ಕೊನೆಗೆ ಯಂತ್ರಕ್ಕೆ ಒಪ್ಪಿಸಬೇಕು. ನಡುವೆ ಬೇರೆ ಯಾವುದರಿಂದಲೂ 8 ನ್ಯಾನೋಗ್ರಾಂ ಬಂದು ಸೇರಬಾರದು. ನನ್ನ ಒಂದೂವರೆ ವರ್ಷ ಹೋದದ್ದು ಈ ಕೊನೆಯ ಶರತ್ತಿನ ಮೇಲೆ.

ಕಾಡಿನಲ್ಲಿ ಕೆಲಸ ಮಾಡುವ ಅನುಮತಿಗೆ 11 ವಾರ ಹಿಡಿಯಿತು. ಯೋಜನೆಯ ಎರಡು ಪುಟದ ವಿವರಣೆ, ಜಾಗದ ನಕ್ಷೆ, ಬರುವವರ ಪಟ್ಟಿ, ಒಯ್ಯುವ ಉಪಕರಣ ಮತ್ತು ರಾಸಾಯನಿಕಗಳ ಪಟ್ಟಿ, ಮರ ಕಡಿಯುವುದಿಲ್ಲ, ಬೆಂಕಿ ಹಚ್ಚುವುದಿಲ್ಲ ಎಂಬ ಮುಚ್ಚಳಿಕೆ, ಮಾರ್ಗದರ್ಶಕಿಯ ಪತ್ರ, ಇವಿಷ್ಟನ್ನು ಕೇಳಿದರು. ಎಲ್ಲವೂ ಸಿದ್ಧವಿತ್ತು. ಅರ್ಜಿ ತಿರುಗಿ ಬಂದದ್ದು ಒಂದು ಕಲಮಿನಿಂದಾಗಿ: 'ಹೊರಗೆ ಒಯ್ಯುವ ಮಾದರಿಯ ತೂಕ, ಕಿಲೋಗ್ರಾಂಗಳಲ್ಲಿ'. ನಾನು ಪ್ರಾಮಾಣಿಕವಾಗಿ ಸೊನ್ನೆ ಬರೆದಿದ್ದೆ. ಏನನ್ನೂ ಒಯ್ಯದಿದ್ದರೆ ಅನುಮತಿ ಏಕೆ ಬೇಕು ಎಂದು ಕೇಳಿ ವಾಪಸು ಕಳಿಸಿದರು, ಪ್ರಶ್ನೆಯೇನೋ ನ್ಯಾಯವಾದದ್ದೇ. ಎರಡನೆಯ ಬಾರಿ ಗಾಳಿ ಎಂದು ಬರೆದು, ಉಕ್ಕಿನ ಟ್ಯೂಬುಗಳ ತೂಕವನ್ನೇ ನಮೂದಿಸಿದೆ. ಒಪ್ಪಿಗೆಯಾಯಿತು. ಆ ಒಂದು ಸೊನ್ನೆಗೆ ನಾನು ತೆತ್ತದ್ದು 4 ವಾರ. ರಾತ್ರಿ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕಾಗಬಹುದು. ಮೊದಲ ಅರ್ಜಿಯಲ್ಲಿಯೇ ಕೇಳಿಬಿಡಿ. ಹಗಲಿನ ಮಾದರಿ ಮಾತ್ರ ತಂದರೆ ಅರ್ಧ ಕಥೆ ತಂದಂತೆ. ಅದು ಏಕೆಂಬುದು ಮುಂದೆ ಬರುತ್ತದೆ.

ಕಾಯುವ ಆ ವಾರಗಳಲ್ಲಿ ಟ್ಯೂಬುಗಳ ಕೆಲಸ ಹಿಡಿದೆ. ಬೆರಳುದ್ದದ ಉಕ್ಕಿನ ಕೊಳವೆಗಳು ಅವು. ಒಳಗೆ ಎರಡು ಪದರದಲ್ಲಿ ಪುಡಿ ತುಂಬಿರುತ್ತದೆ: ಮುಂದೆ ಟೆನಾಕ್ಸ್ ಎಂಬ, ಆವಿಗಳನ್ನು ಹಿಡಿದಿಡುವ ಪಾಲಿಮರ್ ಪುಡಿ, ಅದರ ಹಿಂದೆ ಇಂಗಾಲದ ಪುಡಿ. ಮೊನೋಟರ್ಪೀನ್‌ಗಳು ಟೆನಾಕ್ಸ್‌ನಲ್ಲೇ ಸಿಕ್ಕಿಬೀಳುತ್ತವೆ. ಐಸೋಪ್ರೀನ್ ಹಗುರ, 34 ಡಿಗ್ರಿಗೇ ಕುದಿಯುವ ವಸ್ತು. ಟೆನಾಕ್ಸ್ ಒಂದನ್ನೇ ನಂಬಿದರೆ ಆ ತುದಿಯಿಂದ ಹೊರಟೇ ಹೋಗುತ್ತದೆ. ಅದಕ್ಕಾಗಿಯೇ ಹಿಂದಿನ ಪದರ. ಗಾಳಿ ಒಳಬರಬೇಕಾದ ತುದಿಯಲ್ಲಿ ಗೀರು ಗುರುತಿರುತ್ತದೆ. ಉಲ್ಟಾ ಜೋಡಿಸಿದರೆ ಭಾರದ ಆವಿಗಳು ಇಂಗಾಲಕ್ಕೆ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಬಳಸುವ ಮುನ್ನ ಪ್ರತಿ ಟ್ಯೂಬಿನಲ್ಲೂ ಶುದ್ಧ ಸಾರಜನಕ ಹರಿಸುತ್ತಾ 300 ಡಿಗ್ರಿಗಿಂತ ಮೇಲೆ ಒಂದೆರಡು ಗಂಟೆ ಕಾಯಿಸಬೇಕು. ಅನಿಲ ಹರಿಯತೊಡಗಿದ ಮೇಲಷ್ಟೇ ಬಿಸಿ ಏರಿಸಿ. ಬಿಸಿಯಾದ ಪುಡಿಗೆ ಆಮ್ಲಜನಕ ತಗುಲಿದರೆ ಟ್ಯೂಬು ಕೆಟ್ಟಂತೆಯೇ.

ಮೊದಲ ಸುತ್ತಿನಲ್ಲಿ 40 ಟ್ಯೂಬು ಕಾಯಿಸಿ, ತಣಿಸಿ, ಹಿತ್ತಾಳೆಯ ಮುಚ್ಚಳ ತಿರುಗಿಸಿ, ಒಂದೊಂದಕ್ಕೂ ಮುದ್ದಾದ ಅಂಟುಚೀಟಿ ಹಚ್ಚಿದೆ. ಜಾಗ, ದಿನಾಂಕ, ಕ್ರಮಸಂಖ್ಯೆ ಎಲ್ಲವನ್ನೂ ಬರೆದೆ. ಮೂರು ದಿನದ ಕೆಲಸವನ್ನು ಹೆಮ್ಮೆಯಿಂದ ಪ್ರಯೋಗಾಲಯದ ಹಿರಿಯ ತಂತ್ರಜ್ಞರಿಗೆ ತೋರಿಸಿದೆ. ಅವರು ಒಂದನ್ನು ಎತ್ತಿಕೊಂಡು ಮೂಗಿನ ಬಳಿ ಹಿಡಿದರು. "ಈ ಅಂಟಿನಲ್ಲಿ ಏನಿದೆ ಗೊತ್ತೇ?" ಎಂದು ಕೇಳಿದರು. ಗೊತ್ತಿರಲಿಲ್ಲ. "ಯಂತ್ರಕ್ಕೆ ಹಾಕಿ, ಅದೇ ಹೇಳುತ್ತದೆ" ಎಂದರು. ಹಾಕಿದೆವು. ಖಾಲಿ ಇರಬೇಕಾಗಿದ್ದ ಟ್ಯೂಬು, ಅಂಟಿನಲ್ಲಿ ಬಳಸುವ ಟೊಲ್ವೀನ್ ಎಂಬ ದ್ರಾವಕವನ್ನು ತೋರಿಸಿತು. ಚೀಟಿ, ಮಾರ್ಕರ್ ಪೆನ್ನು ಎರಡೂ ಈ ಕೆಲಸಕ್ಕೆ ಶತ್ರುಗಳು. ಟ್ಯೂಬಿನ ಮೇಲೆ ಕೆತ್ತಿದ ಸಂಖ್ಯೆ ಇದ್ದೇ ಇರುತ್ತದೆ, ಅದನ್ನು ನೋಟ್‌ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡರೆ ಸಾಕು. ನಲವತ್ತನ್ನೂ ಕೆರೆದು, ತೊಳೆದು, ಮತ್ತೆ ಕಾಯಿಸಿದೆ.

ಎರಡನೆಯ ಸುತ್ತಿನಲ್ಲಿ ಲಿಮೊನೀನ್ ಕಾಣಿಸಿಕೊಂಡಿತು. ಕಾಡಿನ ಮುಖವನ್ನೇ ನೋಡದ ಟ್ಯೂಬಿನಲ್ಲಿ ಮರದ ಆವಿ! ಒಂದು ವಾರ ಹುಡುಕಿದೆವು. ಅನಿಲದ ಸಿಲಿಂಡರ್ ಬದಲಿಸಿದೆವು, ಮುಚ್ಚಳಗಳ ಒಳಗಿನ ಟೆಫ್ಲಾನ್ ಉಂಗುರ ಬದಲಿಸಿದೆವು. ಕೊನೆಗೆ ಸಿಕ್ಕಿದ್ದು ಕೈತೊಳೆಯುವ ತೊಟ್ಟಿಯ ಪಕ್ಕದಲ್ಲಿ: ಕಿತ್ತಳೆ ಪರಿಮಳದ ಸೋಪು. ಕೈ ತೊಳೆದುಕೊಂಡು ಶುಭ್ರವಾಗಿ ಬಂದು ಮುಚ್ಚಳ ತೆಗೆದದ್ದೇ ತಪ್ಪಾಗಿತ್ತು. ಅಂದಿನಿಂದ ನಮ್ಮ ತಂಡದಲ್ಲಿ ವಾಸನೆಯಿಲ್ಲದ ಸೋಪು, ಪುಡಿಯಿಲ್ಲದ ಕೈಗವಸು. ಸೆಂಟು, ತಲೆಗೆಣ್ಣೆ, ಬಿಸಿಲಿಗೆ ಹಚ್ಚುವ ಕ್ರೀಮು ಎಲ್ಲಕ್ಕೂ ನಿಷೇಧ. ಸೊಳ್ಳೆಗೆ ಹಚ್ಚುವ ಮುಲಾಮಿನ ವಿಷಯದಲ್ಲಿ ಜಗಳವೇ ಆಯಿತು. ಅವುಗಳಲ್ಲಿ ಹಲವು ಸಸ್ಯತೈಲದಿಂದಲೇ ಮಾಡಿದವು, ಅಂದರೆ ನಾವು ಅಳೆಯಹೊರಟ ವಸ್ತುಗಳೇ. ಉದ್ದ ತೋಳಿನ ಅಂಗಿ ತೊಟ್ಟು ಕಚ್ಚಿಸಿಕೊಂಡೆವು.

ಮೊದಲ ಪ್ರವಾಸ 2 ದಿನದ್ದು, ಪ್ರಾಯೋಗಿಕ. ಚಿಗುರು ಆಗಷ್ಟೇ ಬಿಚ್ಚಿತ್ತು, ಕಾಡೆಲ್ಲ ಎಳೆ ಹಸಿರು. ಅನುಮತಿ ತಡವಾದ ಸಿಟ್ಟಿನಲ್ಲಿ ಪತ್ರ ಸಿಕ್ಕ ಮರುದಿನವೇ ಹೊರಟಿದ್ದೆ. 8 ಟ್ಯೂಬು ತಂದೆ. ಐಸೋಪ್ರೀನ್ ಹೆಸರಿಗೂ ಇರಲಿಲ್ಲ. ಆಮೇಲೆ ತಿಳಿದದ್ದು: ಎಲೆ ಬಿಚ್ಚಿದ ಕೂಡಲೇ ಮರ ಐಸೋಪ್ರೀನ್ ಬಿಡಲು ತೊಡಗುವುದಿಲ್ಲ, ಎಲೆ ಬಲಿಯಲು ಕೆಲವು ವಾರ ಬೇಕು. ಕಣ್ಣಿಗೆ ಹಸಿರು ಕಂಡರೆ ಸಾಲದು.

ಅದಕ್ಕಿಂತ ದೊಡ್ಡ ಪಾಠ ಓಝೋನಿನದು. ಆ 8 ಟ್ಯೂಬುಗಳಲ್ಲಿ ಬೆಂಜಾಲ್ಡಿಹೈಡ್ ಮತ್ತು ಅಸಿಟೋಫಿನೋನ್ ಧಾರಾಳವಾಗಿದ್ದವು. ಇವನ್ನು ಯಾವ ಮರ ಬಿಡುತ್ತದೆ ಎಂದು ಎರಡು ದಿನ ಪುಸ್ತಕ ತಿರುವಿದೆ. ಯಾವ ಮರವೂ ಅಲ್ಲ. ಟ್ಯೂಬಿಗೆ ಗಾಳಿಯ ಜೊತೆ ಓಝೋನ್ ಕೂಡ ನುಗ್ಗುತ್ತದೆ. ಅದು ಟೆನಾಕ್ಸ್ ಪುಡಿಯನ್ನೇ ಕಡಿದು ಈ ಎರಡನ್ನು ಹುಟ್ಟಿಸುತ್ತದೆ. ಪುಡಿ ಹಿಡಿದಿಟ್ಟ ಆವಿಗಳನ್ನೂ ಬಿಡುವುದಿಲ್ಲ. ಕ್ಯಾರಿಯೋಫಿಲೀನ್‌ನಂತಹ ಸೆಸ್ಕ್ವಿಟರ್ಪೀನ್‌ಗೆ (ಮೊನೋಟರ್ಪೀನ್‌ಗಿಂತ ಭಾರದ ಮರದ ಆವಿ) ಓಝೋನ್ ಎದುರಾದರೆ ಆಯುಷ್ಯ ಒಂದೆರಡು ನಿಮಿಷ. ಅರ್ಧ ಗಂಟೆ ಗಾಳಿ ಎಳೆಯುವಾಗ ಅದು ಉಳಿಯುವುದಾದರೂ ಹೇಗೆ? ಹಾಗಾಗಿ ಟ್ಯೂಬಿನ ಮುಂದೆ ಓಝೋನ್ ತಡೆಯುವ ಏನಾದರೊಂದು ಇರಲೇಬೇಕು. ನಾವು ಗಾಜಿನ ನಾರಿನ ಸೋಸುಹಾಳೆಗಳನ್ನು ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಹಿಡಿಕೆಯಲ್ಲಿ ಕೂರಿಸಿದೆವು. ಇಡೀ ಯೋಜನೆಯಲ್ಲಿ ಅತಿ ಅಗ್ಗದ ವಸ್ತು ಇದು. ಇದಿಲ್ಲದೆ ಅತಿ ದುಬಾರಿ ಯಂತ್ರವೂ ಸುಳ್ಳನ್ನೇ ಹೇಳುತ್ತದೆ. ಹಾಳೆಗಳನ್ನು ಆಗಾಗ ಬದಲಿಸಿ, ಹಿಂದೆ ಓಝೋನ್ ಮಾಪಕ ಇಟ್ಟು ಒಮ್ಮೆಯಾದರೂ ಪರೀಕ್ಷಿಸಿ.

ಹಣದ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಖರ್ಚು ಟ್ಯೂಬುಗಳದ್ದಲ್ಲ, ಅವನ್ನು ಸುಮಾರು ನೂರು ಬಾರಿ ಮರುಬಳಕೆ ಮಾಡಬಹುದು. ಪಂಪುಗಳನ್ನು ಎರವಲು ತರಬಹುದು. ಕೈ ಕಚ್ಚುವುದು ಎರಡು: ಯಂತ್ರದ ಬಳಕೆಗೆ ಟ್ಯೂಬಿನ ಲೆಕ್ಕದಲ್ಲಿ ಕೊಡುವ ಶುಲ್ಕ ಮತ್ತು ಅಳತೆಗೆ ಆಧಾರವಾಗಿ ಬೇಕಾದ ಐಸೋಪ್ರೀನ್ ಸಿಲಿಂಡರ್. ಸಿಲಿಂಡರಿನ ಬೆಲೆಗಿಂತ ಅದರ ಸಾಗಣೆಯೇ ತಲೆನೋವು, ಒತ್ತಡದ ಅನಿಲವೆಂದು ಎಲ್ಲರೂ ಹಿಂಜರಿಯುತ್ತಾರೆ. ನಮ್ಮದು ಬರಲು 7 ವಾರ ಹಿಡಿಯಿತು. ಇನ್ನೊಂದು: ಯಂತ್ರದ ಶುಲ್ಕ ಅಂದಾಜು ಮಾಡುವಾಗ ಕಾಡಿನ ಮಾದರಿಗಳನ್ನು ಮಾತ್ರ ಎಣಿಸಿದ್ದೆ. ಖಾಲಿ ಟ್ಯೂಬುಗಳು, ಆಧಾರದ ಟ್ಯೂಬುಗಳು, ಆವಿ ಮುಂದಿನ ಟ್ಯೂಬನ್ನು ದಾಟಿ ಹೋಯಿತೇ ಎಂದು ನೋಡಲು ಅದರ ಹಿಂದೆ ಜೋಡಿಸಿದ ಕಾವಲು ಟ್ಯೂಬುಗಳು ಸೇರಿ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಮುಖ್ಯ ಪ್ರವಾಸ 5 ದಿನದ್ದು, ಎಲೆ ಬಲಿತು ಬಿಸಿಲು ಕಾದಿದ್ದ ಹೊತ್ತಿನಲ್ಲಿ. ಅಗಲ ಎಲೆಯ ಮರಗಳೂ ಪೈನ್ ಮರಗಳೂ ಬೆರೆತ ಜಾಗ. ಎರಡು ಗಂಟೆಗೊಮ್ಮೆ ಒಂದು ಟ್ಯೂಬು, ಹಗಲು ರಾತ್ರಿ. ಪಂಪನ್ನು ಪ್ರತಿ ಬಾರಿ ಮೊದಲೂ ಆಮೇಲೂ ಸೋಪುಗುಳ್ಳೆಯ ಮಾಪಕಕ್ಕೆ ಹಚ್ಚಿ ಹರಿವು ನೋಡುವುದು; 5 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಟ್ಯೂಬಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಬೆಳಗಿನ ಚಳಿಯಲ್ಲಿ ಬ್ಯಾಟರಿ ಸೊರಗಿ ಮೂರು ಟ್ಯೂಬುಗಳು ಹೀಗೆ ಹೋದವು. ಬ್ಯಾಟರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮಲಗುವುದನ್ನು ಎರಡನೆಯ ರಾತ್ರಿ ಕಲಿತೆ. ದಿನಕ್ಕೊಂದು ಟ್ಯೂಬನ್ನು ಕಾಡಿಗೆ ಒಯ್ದು, ಮುಚ್ಚಳ ತೆಗೆದು, ಗಾಳಿ ಎಳೆಯದೆ ಮತ್ತೆ ಮುಚ್ಚಿ ತಂದೆ. ಕಾವಲಿಗಿದ್ದ ಅರಣ್ಯ ರಕ್ಷಕರು ಇದನ್ನು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ "ಇದರಲ್ಲಿ ಏನೂ ತುಂಬಲಿಲ್ಲವಲ್ಲ?" ಎಂದರು. ಏನೂ ತುಂಬಿಲ್ಲ ಎಂಬುದಕ್ಕೆ ಅದೇ ಸಾಕ್ಷಿ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ.

ಒಂದು ಕೊಂಬೆಗೆ ಪಾರದರ್ಶಕ ಟೆಫ್ಲಾನ್ ಚೀಲ ಕಟ್ಟಿ ಅದೊಂದರ ಆವಿಯನ್ನೇ ಅಳೆಯುವ ಪ್ರಯತ್ನವನ್ನೂ ಮಾಡಿದೆ. ಕಟ್ಟಿದ ಕೂಡಲೇ ಮಾದರಿ ತೆಗೆದದ್ದರಿಂದ ಬಂದದ್ದೆಲ್ಲ ಹೆಕ್ಸನಾಲ್ ಜಾತಿಯ ವಸ್ತುಗಳು, ಹುಲ್ಲು ಕೊಯ್ದಾಗ ಬರುವ ಹಸಿ ವಾಸನೆಯವು. ಎಲೆಗೆ ಕೈ ತಾಗಿ ನೋವಾಗಿತ್ತು ಎಂದರ್ಥ. ಚೀಲ ಕಟ್ಟಿ ಒಂದು ದಿನ ಬಿಡಬೇಕು. ಬಿಸಿಲಿನಲ್ಲಿ ಒಳಗಿನ ಶಾಖ ಏರುತ್ತದೆ, ಆದ್ದರಿಂದ ಒಳಗೊಂದು ತಾಪಮಾಪಕ ಕಡ್ಡಾಯ. ಬೇರೆಯವರ ಅಂಕಿಗಳ ಜೊತೆ ಹೋಲಿಸಲು ಎಲ್ಲವನ್ನೂ 30 ಡಿಗ್ರಿ ಶಾಖ ಮತ್ತು ನಿಗದಿತ ಬೆಳಕಿನ ಲೆಕ್ಕಕ್ಕೆ ಇಳಿಸಬೇಕಾಗುತ್ತದೆ.

ತಂದ ಟ್ಯೂಬುಗಳು 4 ಡಿಗ್ರಿಯ ಫ್ರಿಜ್‌ನಲ್ಲಿ 5 ವಾರ ಸರದಿ ಕಾದವು. ಆ ಫ್ರಿಜ್‌ನಲ್ಲಿ ಬೇರೆಯವರ ದ್ರಾವಕದ ಬಾಟಲಿಗಳಿರಬಾರದು. ಬೀಗ ಹಾಕಿಕೊಳ್ಳಿ, ನಾಚಿಕೆ ಬೇಡ. ಯಂತ್ರ ಟ್ಯೂಬನ್ನು ಕಾಯಿಸಿ ಆವಿ ಬಿಡಿಸಿ, ತಣ್ಣನೆಯ ಬಲೆಯಲ್ಲಿ ಒಟ್ಟುಗೂಡಿಸಿ, ಮತ್ತೆ ತಟ್ಟನೆ ಕಾಯಿಸಿ, ಆವಿಗಳನ್ನು ಒಂದೊಂದಾಗಿ ಬೇರ್ಪಡಿಸುವ ಕ್ರೊಮ್ಯಾಟೋಗ್ರಾಫ್‌ಗೆ ತಳ್ಳುತ್ತದೆ. ನಮ್ಮ ಯಂತ್ರದಲ್ಲಿ ಪ್ರತಿ ಟ್ಯೂಬಿಗೂ ಒಂದೇ ಅವಕಾಶ. ನಡುವೆ ವಿದ್ಯುತ್ ಹೋಗಿ ಎರಡು ಟ್ಯೂಬುಗಳು ಮಣ್ಣುಪಾಲಾದವು. ಆ ದಿನ ಯಾರ ಜೊತೆಯೂ ಮಾತನಾಡಲಿಲ್ಲ. ಆದರೆ ಮೊದಲ ಹಗಲಿನ ಮಾದರಿ ಓಡಿದ ಸಂಜೆಯನ್ನು ಮರೆಯಲಾರೆ. ಪರದೆಯ ಮೇಲೆ ಸಪಾಟಾಗಿ ಹರಿಯುತ್ತಿದ್ದ ಗೆರೆ ಮೊದಲು ಐಸೋಪ್ರೀನ್ ಬರುವ ಜಾಗದಲ್ಲಿ ಎದ್ದು ಇಳಿಯಿತು. ಬಹಳ ಹೊತ್ತಿನ ಮೇಲೆ 93ರ ಗೆರೆಯಲ್ಲಿ (ಮೊನೋಟರ್ಪೀನ್ ಒಡೆದಾಗ ಬರುವ ಚೂರಿನ ತೂಕದ ಸಂಖ್ಯೆ ಅದು) ಆಲ್ಫಾ-ಪೈನೀನ್, ಅದರ ಹಿಂದೆ ಗಿಡ್ಡದಾಗಿ ಕ್ಯಾಂಫೀನ್, ಬೀಟಾ-ಪೈನೀನ್, ಕೊನೆಗೆ ಲಿಮೊನೀನ್, ಒಂದರ ಹಿಂದೊಂದು ಸಾಲಾಗಿ ಬಂದವು. ಸೋಪಿನದಲ್ಲ, ಮರದ್ದೇ. ಜೊತೆಗೆ ಓಡಿಸಿದ್ದ ಖಾಲಿ ಟ್ಯೂಬು ನಿಜಕ್ಕೂ ಖಾಲಿಯಾಗಿತ್ತು.

ಎಲ್ಲ ಅಂಕಿಗಳನ್ನು ಗಂಟೆಗಳ ಮೇಲೆ ಜೋಡಿಸಿದಾಗ ಎರಡು ಪೇಚು ಎದುರಾದವು. ಮೊದಲನೆಯದು, ಮೊನೋಟರ್ಪೀನ್ ಹಗಲಿಗಿಂತ ರಾತ್ರಿ ಹೆಚ್ಚಿತ್ತು. ಬಿಸಿ ಏರಿದಂತೆ ಮರ ಹೆಚ್ಚು ಬಿಡುತ್ತದೆ ಎಂದು ಓದಿದ್ದೆ, ಹಾಗಾಗಿ ಟ್ಯೂಬುಗಳು ಅದಲುಬದಲಾಗಿವೆಯೆಂದು ಗಾಬರಿಯಾಯಿತು. ನೋಟ್‌ಪುಸ್ತಕವನ್ನು ಮೂರು ಸಲ ತಾಳೆ ನೋಡಿದೆ. ಮಾರ್ಗದರ್ಶಕಿ ನಕ್ಕು, "ಮರ ಬಿಡುವುದು ಬೇರೆ, ಗಾಳಿಯಲ್ಲಿ ಉಳಿಯುವುದು ಬೇರೆ" ಎಂದರು. ಪೈನ್ ತನ್ನ ರಾಳದಲ್ಲಿ ಕೂಡಿಟ್ಟದ್ದನ್ನು ರಾತ್ರಿಯೂ ಬಿಡುತ್ತಿರುತ್ತದೆ, ಹಗಲಿಗಿಂತ ಕಡಿಮೆ ನಿಜ. ಆದರೆ ರಾತ್ರಿ ನೆಲಕ್ಕಂಟಿದ ಗಾಳಿ ಮೇಲಿನ ಗಾಳಿಯೊಡನೆ ಹೆಚ್ಚು ಬೆರೆಯುವುದಿಲ್ಲ. ಹಗಲು ದೊಡ್ಡ ಹಜಾರದಲ್ಲಿ ಹರಡಿಹೋಗುತ್ತಿದ್ದದ್ದು ರಾತ್ರಿ ತಗ್ಗು ಸೂರಿನ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕಡಿಯುವ ಸೂರ್ಯನ ಬೆಳಕಿನ ರಸಾಯನವೂ ಆಗ ಇರುವುದಿಲ್ಲ. ಹಗಲಿನ ಮಾದರಿ ಮಾತ್ರ ತಂದರೆ ಅರ್ಧ ಕಥೆ ಎಂದದ್ದು ಇದಕ್ಕೇ.

ಎರಡನೆಯ ಪೇಚಿಗೆ ಅವರ ಬಳಿಯೂ ತಕ್ಷಣ ಉತ್ತರವಿರಲಿಲ್ಲ. ಐಸೋಪ್ರೀನ್ ಬೆಳಕಿನ ಕೂಸು. ಕತ್ತಲಾದರೆ ಎಲೆ ಅದನ್ನು ಬಿಡುವುದನ್ನೇ ನಿಲ್ಲಿಸುತ್ತದೆ. ಸಂಜೆಯ ಮೊದಲ ಟ್ಯೂಬಿನಲ್ಲಿ ಹಗಲಿನ ಉಳಿಕೆ ಇರಬಹುದು, ಆಮೇಲೆ ಇಳಿಯುತ್ತಾ ಹೋಗಬೇಕು. ಇಳಿದಿತ್ತು ಕೂಡ. ಆದರೆ ಬೆಳಗಿನ ಜಾವ 3 ಗಂಟೆಗೆ ಮತ್ತೆ ಏರಿತ್ತು, ಪ್ರತಿ ರಾತ್ರಿಯೂ. ಕತ್ತಲಲ್ಲಿ ಐಸೋಪ್ರೀನ್ ಬಿಡುವ ಮರ! ಒಂದು ವಾರ ನಾನು ದೊಡ್ಡ ಶೋಧ ಮಾಡಿದೆನೆಂದು ಮನಸ್ಸಿನಲ್ಲೇ ಬೀಗಿದೆ, ಪ್ರಬಂಧದ ತಲೆಬರಹವನ್ನೂ ಯೋಚಿಸಿದೆ.

ನೋಟ್‌ಪುಸ್ತಕ ಮತ್ತೆ ತೆರೆದಾಗ ಅಲ್ಲೇ ಇತ್ತು, ನನ್ನದೇ ಪೆನ್ಸಿಲಿನಲ್ಲಿ: '3.00. ವಿಪರೀತ ಚಳಿ. ಪಂಪಿನ ಪಕ್ಕದಲ್ಲೇ ಕಂಬಳಿ ಹೊದ್ದು ಕುಳಿತಿದ್ದೇನೆ.'

ಮನುಷ್ಯರ ಉಸಿರಿನಲ್ಲಿ ಐಸೋಪ್ರೀನ್ ಇರುತ್ತದೆ, ಸುಮಾರು 100 ಪಿಪಿಬಿ. ನಮ್ಮ ದೇಹವೇ ಅದನ್ನು ತಯಾರಿಸುತ್ತದೆ. ನನ್ನ ಉಸಿರಿನ ನೂರರಲ್ಲೊಂದು ಪಾಲು ಆ ಕೊಳವೆಯೊಳಗೆ ಹೋದರೂ 1 ಪಿಪಿಬಿ ಆಯಿತು. ಗಾಳಿ ಅಲುಗಾಡದ ರಾತ್ರಿ, ಗಾಳಿ ಎಳೆಯುವ ಬಾಯಿಯಿಂದ ಒಂದು ಮಾರು ದೂರದಲ್ಲಿ ಕುಳಿತು ಉಸಿರಾಡುತ್ತಾ, ಕಾಡಿನ ಉಸಿರು ಹಿಡಿಯುತ್ತಿದ್ದೇನೆಂದು ನಂಬಿದ್ದೆ. ಸೋಪು, ಸೆಂಟು, ಮುಲಾಮು ಎಲ್ಲವನ್ನೂ ಬಿಟ್ಟು ಹೋಗಿದ್ದೆ. ಬಿಟ್ಟು ಹೋಗಲಾರದ್ದೊಂದು ಉಳಿದುಕೊಂಡಿತ್ತು.

ರಾತ್ರಿಯ ಐಸೋಪ್ರೀನ್ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ. ಮತ್ತೆ ಹೋಗಿ ಅಳೆಯೋಣವೆಂದರೆ ಅಷ್ಟರಲ್ಲಿ ಎಲೆ ಉದುರಿತ್ತು. ಮುಂದಿನ ಚಿಗುರಿಗೆ, ಆ ಚಿಗುರು ಬಲಿಯುವುದಕ್ಕೆ ಕಾಯಬೇಕಾಯಿತು. ಅನುಮತಿಯ ಅವಧಿ ಮುಗಿದಿದ್ದರಿಂದ ಹೊಸ ಅರ್ಜಿ. ಈ ಸಲ ತೂಕದ ಕಲಮು ಸರಿಯಾಗಿ ತುಂಬಿದೆ.

ಕೊನೆಯ ಪ್ರವಾಸ 2 ರಾತ್ರಿಯದು. ಗಾಳಿ ಎಳೆಯುವ ಬಾಯಿಯನ್ನು ಕಂಬಕ್ಕೆ ಕಟ್ಟಿ ತಲೆಗಿಂತ ಬಹಳ ಮೇಲೆ ಏರಿಸಿದೆವು. ಒಂದರ ಬಳಿಕ ಒಂದು ಟ್ಯೂಬಿಗೆ ತಾನಾಗಿ ಹೊರಳುವ ಪೆಟ್ಟಿಗೆಯನ್ನು ಬೇರೆ ತಂಡದಿಂದ ಬೇಡಿ ತಂದು ಜೋಡಿಸಿ, ನಾವು ಐವತ್ತು ಹೆಜ್ಜೆ ದೂರ, ಗಾಳಿ ಹೋಗುವ ದಿಕ್ಕಿನಲ್ಲಿ ಗುಡಾರ ಹಾಕಿದೆವು. ಎರಡನೆಯ ರಾತ್ರಿ ಮುಗಿದ ಮೇಲೆ, ಉಳಿದಿದ್ದ ಒಂದು ಟ್ಯೂಬನ್ನು, ಸಂಖ್ಯೆ 27, ಬೇಕೆಂದೇ ಎದುರಿಗೆ ಹಿಡಿದು ಅರ್ಧ ಗಂಟೆ ಉಸಿರು ಬಿಟ್ಟೆ. ರಕ್ಷಕರು ಈ ಸಲ ಏನೂ ಕೇಳಲಿಲ್ಲ.

ಕಳೆದ ವಾರ ಬಂದದ್ದು ಇವುಗಳ ಫಲಿತಾಂಶ. 3 ಗಂಟೆಯ ಎರಡೂ ಟ್ಯೂಬುಗಳಲ್ಲಿ ಐಸೋಪ್ರೀನ್ ಯಂತ್ರದ ಕಣ್ಣಿಗೆ ಬೀಳುವಷ್ಟು ಇರಲಿಲ್ಲ. 27ರಲ್ಲಿ ಗೆರೆ ಪರದೆಯ ಮೇಲಂಚು ದಾಟಿ ಹೋಗಿತ್ತು. ತಂತ್ರಜ್ಞರು ಅದನ್ನು ಮುದ್ರಿಸಿ ಕೊಟ್ಟಿದ್ದಾರೆ. ಮೂಲೆಯಲ್ಲಿ 'ಮರದ ಜಾತಿ' ಎಂಬ ಖಾಲಿ ಜಾಗವಿತ್ತು, ಅಲ್ಲಿ ನನ್ನ ಹೆಸರು ಬರೆದಿದ್ದಾರೆ.